ಹಳೆಯ ಕಾಲಾಳಿಗೆ ಹೊಸ ಬಣ್ಣ

(ಉಪನ್ಯಾಸದ ಬರಹರೂಪ)



ಚದುರಂಗದ ಮಣೆಯ ಮೇಲೆ ನಿಂತ ಕಾಲಾಳಿಗೆ ಮುಖವಿಲ್ಲ, ಹೆಸರಿಲ್ಲ. ಅದು ಯಾವ ರಾಜನ ಕಡೆಯದು ಎಂಬುದನ್ನು ತಿಳಿಸುವುದು ಅದರ ಬಣ್ಣ ಮಾತ್ರ. ಬಿಳಿಯ ಕಾಲಾಳಿಗೆ ಕಪ್ಪು ಬಳಿದರೆ ಅದು ಆ ಕ್ಷಣವೇ ಎದುರು ಪಾಳೆಯಕ್ಕೆ ಸೇರಿತು. ಹಸಿರು ಬಳಿದರೆ ಚದುರಂಗವನ್ನೇ ಬಿಟ್ಟು ಪಗಡೆಯ ಹಾಸಿಗೆ ಬಂದು ಕುಳಿತೀತು. ಕಾಯಿ ಅದೇ, ಮರ ಅದೇ. ಬಣ್ಣ ಬದಲಾದೊಡನೆ ಆಟವೇ ಬದಲಾಗುತ್ತದೆ. ಹಳೆಯ ಆಟದ ಕಾಯಿಗಳನ್ನೂ ಪುಟ್ಟ ಸೈನಿಕ ಬೊಂಬೆಗಳನ್ನೂ ತೊಳೆದು, ಹೊಸ ಬಣ್ಣ ಹಚ್ಚಿ, ಹೊಸ ಆಟಗಳಿಗೆ ಒದಗಿಸಿಕೊಳ್ಳುವ ಹವ್ಯಾಸ ಇಂದು ನಗರಗಳಲ್ಲಿ ಬೆಳೆಯುತ್ತಿದೆ. ಎಸೆಯಬೇಕಾದ ವಸ್ತುವನ್ನು ಉಳಿಸುವ ಈ ಕೆಲಸ ಪರಿಸರದ ಬಗ್ಗೆ ಕಾಳಜಿಯುಳ್ಳವರೆಲ್ಲರೂ ಮೆಚ್ಚತಕ್ಕದ್ದು. ಆದರೆ ಉಜ್ಜಿ ತೆಗೆದ ಹಳೆಯ ಬಣ್ಣ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ರಾಜಾಜಿನಗರದ ಒಂದು ಮನೆಯ ಕೈತೊಟ್ಟಿಯಿಂದ ಆರಂಭವಾದ ದಾರಿ ಕಾವೇರಿಯವರೆಗೆ ಸಾಗುತ್ತದೆ. ಮಲೆನಾಡಿನ ಜನರಿಗೂ ಈ ದಾರಿಯಲ್ಲಿ ಎರಡು ಕಡೆ ಸಂಬಂಧವಿದೆ. ಅದನ್ನು ಮುಂದೆ ನೋಡಬಹುದು.

ಆಟ ಬದಲಾಯಿತು, ಕಾಯಿ ಉಳಿಯಿತು

ಯುದ್ಧವನ್ನು ಮೇಜಿನ ಮೇಲೆ ಆಡುವ ಕಲ್ಪನೆ ಹೊರಗಿನಿಂದ ಬಂದದ್ದೇನಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಭಾರತದಲ್ಲಿ ಹುಟ್ಟಿದ ಆ ಆಟ ಪರ್ಷಿಯಾಕ್ಕೆ ಹೋಗಿ, ಅಲ್ಲಿಂದ ಅರಬರ ಮೂಲಕ ಯೂರೋಪನ್ನು ಸೇರಿತು. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್‌ಬಿರೂನಿ, ಇಲ್ಲಿ ನಾಲ್ವರು ಕುಳಿತು ದಾಳ ಉರುಳಿಸಿ ಆಡುವ ಚದುರಂಗವನ್ನೂ ವರ್ಣಿಸಿದ್ದಾನೆ. ಇಬ್ಬರು ಆಡುವಾಗ ಎರಡು ಬಣ್ಣ ಸಾಕು. ನಾಲ್ವರು ಆಡಬೇಕಾದರೆ ನಾಲ್ಕು ಬಣ್ಣ ಬೇಕು. ಪಗಡೆಯ ಕಾಯಿಗಳು ಕೆಂಪು, ಹಸಿರು, ಹಳದಿ, ಕಪ್ಪು ಎಂದು ನಾಲ್ಕಾಗಿರುವುದು ಇದೇ ಕಾರಣಕ್ಕೆ. ಆಟದಲ್ಲಿ ಬಣ್ಣ ಅಲಂಕಾರಕ್ಕಿಂತ ಮೊದಲು ಗುರುತು.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ವಿಷಯವನ್ನು ಚೆನ್ನಾಗಿ ಬಲ್ಲವರಾಗಿದ್ದರು. 1831ರಲ್ಲಿ ಬ್ರಿಟಿಷರು ರಾಜ್ಯದ ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅವರ ಆಸಕ್ತಿಯ ಬಹುಭಾಗ ಸಾಹಿತ್ಯ, ಚಿತ್ರಕಲೆ ಮತ್ತು ಮಣೆಯಾಟಗಳ ಕಡೆಗೆ ಹರಿಯಿತು. ಚದುರಂಗದ ಕುದುರೆಯನ್ನು ಎಲ್ಲ ಮನೆಗಳಲ್ಲಿ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ಓಡಾಡಿಸುವ ಸಮಸ್ಯೆಗೆ ಅವರು ಕಂಡುಕೊಂಡ ಪರಿಹಾರಗಳು ಇಂದಿಗೂ ಗಣಿತಪ್ರಿಯರ ಗಮನ ಸೆಳೆಯುತ್ತವೆ. ಗಂಜೀಫಾ ಎಲೆಗಳಲ್ಲಿ ಅವರು ರೂಪಿಸಿದ ಹೊಸ ಹೊಸ ಆಟಗಳ ವಿವರ ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿದೆ. ಹಳೆಯ ಕಾಯಿಗೂ ಹಳೆಯ ಎಲೆಗೂ ಹೊಸ ನಿಯಮ ಹೊಂದಿಸುವುದು ಕನ್ನಡ ನೆಲಕ್ಕೆ ಹೊಸತಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಕಿಲ್ಲ.

ಅದೇ ಕಾಲದಲ್ಲಿ ಪ್ರಷ್ಯಾದಲ್ಲಿ ಇನ್ನೊಂದು ಬೆಳವಣಿಗೆ ನಡೆಯಿತು. ರೈಸ್‌ವಿಟ್ಸ್ ಎಂಬ ತಂದೆ ಮಗ, ಸೇನಾಧಿಕಾರಿಗಳ ತರಬೇತಿಗಾಗಿ ಮೇಜಿನ ಯುದ್ಧದಾಟವೊಂದನ್ನು ರೂಪಿಸಿದರು. ಮಗ 1824ರಲ್ಲಿ ಅದನ್ನು ನಕ್ಷೆಯ ಮೇಲೆ ಆಡುವ ಆಟವಾಗಿ ಪರಿಷ್ಕರಿಸಿ, ಪಡೆಗಳಿಗೆ ಕೆಂಪು ಮತ್ತು ನೀಲಿ ಬಣ್ಣ ಕೊಟ್ಟ. 1893ರಲ್ಲಿ ಲಂಡನ್ನಿನ ಬ್ರಿಟನ್ಸ್ ಎಂಬ ಸಂಸ್ಥೆ ಒಳಗೆ ಟೊಳ್ಳಾದ ಸೀಸದ ಸೈನಿಕರನ್ನು ಅಚ್ಚು ಹಾಕುವ ವಿಧಾನ ಕಂಡುಹಿಡಿದ ಮೇಲೆ ಆಟದ ಸೈನಿಕರು ಅಗ್ಗವಾದರು. ಅಂಥ ಸೈನಿಕರನ್ನೇ ನೆಲದ ಮೇಲೆ ಸಾಲು ನಿಲ್ಲಿಸಿ ಆಡುವ ನಿಯಮಗಳನ್ನು ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವಾಗಿ ಪ್ರಕಟಿಸಿದ. ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಮೇಲು ಎಂಬುದು ಅವನ ವಾದವಾಗಿತ್ತು; ಮರುವರ್ಷವೇ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ಹಳೆಯ ಬೊಂಬೆ ಹೊಸ ಆಟಕ್ಕೆ ಕಾರಣವಾದ ಪ್ರಸಂಗ ಅಮೆರಿಕದಲ್ಲಿದೆ. 1974ರಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದ ಕರ್ತೃಗಳಲ್ಲಿ ಒಬ್ಬನಾದ ಗ್ಯಾರಿ ಗೈಗ್ಯಾಕ್ಸ್, ಅಂಗಡಿಯಲ್ಲಿ ಅಗ್ಗವಾಗಿ ಸಿಗುತ್ತಿದ್ದ ಪ್ಲಾಸ್ಟಿಕ್ ಪ್ರಾಣಿಗಳ ಪೊಟ್ಟಣವೊಂದನ್ನು ಕೊಂಡು ತಂದ. ಯಾವ ಪ್ರಾಣಿಯೆಂದು ಗುರುತು ಸಿಗದ ಆ ವಿಚಿತ್ರ ಬೊಂಬೆಗಳಿಗೆ ಹೆಸರು ಕೊಟ್ಟು, ಗುಣ ಕೊಟ್ಟು, ಆಟದ ರಾಕ್ಷಸರನ್ನಾಗಿ ಮಾಡಿದ. ಆ ಆಟದ ಕೆಲವು ಪ್ರಸಿದ್ಧ ರಾಕ್ಷಸರು ಹುಟ್ಟಿದ್ದು ಹೀಗೆ. ಬೆಲೆಬಾಳುವ ಹೊಸ ವಸ್ತು ಕೊಂಡರೇ ಹೊಸ ಆಟ ಎಂಬ ನಂಬಿಕೆ ಸುಳ್ಳೆಂದು ಹೇಳಲು ಈ ಒಂದು ಉದಾಹರಣೆ ಸಾಕು.

ಪಶ್ಚಿಮ ಬೆಂಗಳೂರಿನ ಅಟ್ಟಗಳು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳು ಬಹುಮಟ್ಟಿಗೆ ಸ್ವಾತಂತ್ರ್ಯಾನಂತರ ಬೆಳೆದ ಬಡಾವಣೆಗಳು. ಕಾರ್ಖಾನೆಗಳ ನೌಕರರು, ಗುಮಾಸ್ತರು, ಉಪಾಧ್ಯಾಯರು, ಸಣ್ಣ ವ್ಯಾಪಾರಿಗಳು ಇಲ್ಲಿ ಮನೆ ಕಟ್ಟಿಕೊಂಡರು. ಎಷ್ಟೋ ಕುಟುಂಬಗಳು ಹಳೆಯ ಮೈಸೂರು ಸೀಮೆಯ ಊರುಗಳಿಂದ ಬಂದವು. ಬರುವಾಗ ದಸರೆಯ ಬೊಂಬೆಗಳನ್ನೂ ತಂದವು. ಇಂದಿಗೂ ನವರಾತ್ರಿಯಲ್ಲಿ ಈ ಬಡಾವಣೆಗಳ ಮನೆಗಳಲ್ಲಿ ಪಟ್ಟದ ಬೊಂಬೆಗಳ ಕೆಳಗೆ ಮೆಟ್ಟಿಲುಗಟ್ಟಿ ಬೊಂಬೆಗಳು ಕೂರುತ್ತವೆ. ದೇವರುಗಳ ಸಾಲಿನ ಕೆಳಗೆ ಜಂಬೂಸವಾರಿಯ ಆನೆ, ಕುದುರೆ ಸವಾರರು, ಬ್ಯಾಂಡಿನವರು, ಸಿಪಾಯಿಗಳು, ಚೆಟ್ಟಿಯಾರರ ಅಂಗಡಿ, ಕ್ರಿಕೆಟ್ ಆಟಗಾರರು ಎಲ್ಲರೂ ಇರುತ್ತಾರೆ. ಒಂಬತ್ತು ದಿನ ಮುಗಿದ ಮೇಲೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಸಿಕೊಂಡು ಅಟ್ಟ ಸೇರುತ್ತಾರೆ. ಮೂಗು ಮುರಿದ, ಬಣ್ಣ ಉದುರಿದ ಬೊಂಬೆಗಳಿಗೆ ಹಬ್ಬಕ್ಕೆ ಮುನ್ನ ಬಣ್ಣ ಹಚ್ಚುವುದು ಈ ಮನೆಗಳ ಹಳೆಯ ವಾಡಿಕೆ. ಹಾಗಾಗಿ ಪುಟ್ಟ ಸಿಪಾಯಿಗೆ ಮತ್ತೆ ಬಣ್ಣ ಹಾಕುವ ವಿದ್ಯೆ ಇಲ್ಲಿನ ಅಜ್ಜಿಯರಿಗೆ ಇಂದಿನ ಹವ್ಯಾಸಿಗಳಿಗಿಂತ ಮೊದಲೇ ತಿಳಿದಿತ್ತು.

ಅದೇ ಅಟ್ಟಗಳಲ್ಲಿ ಇನ್ನೊಂದು ಪೆಟ್ಟಿಗೆ ಇರುವುದುಂಟು. ಎರಡು ಕಾಲಾಳು ಕಳೆದುಹೋದ ಚದುರಂಗ, ಜೋಡಿ ತಪ್ಪಿದ ಪಗಡೆ ಕಾಯಿಗಳು, ಚನ್ನಪಟ್ಟಣದ ಬುಗುರಿ, ಪ್ಲಾಸ್ಟಿಕ್ಕಿನ ಹಸಿರು ಸೈನಿಕರು. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ, ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿ ಚನ್ನಪಟ್ಟಣ. ಅರಗಿನ ಬಣ್ಣದ ಮರದ ಆಟಿಕೆಗಳಿಗೆ ಹೆಸರಾದ ಈ ಊರಿನ ಸಾಮಾನು ಪಶ್ಚಿಮ ಬೆಂಗಳೂರಿನ ಮನೆಗಳಿಗೆ ತಲೆಮಾರುಗಳಿಂದ ಬಂದಿದೆ. ಈಚೆಗೆ ನಗರದ ತರುಣರು ಮೇಜಿನ ಆಟಗಳಿಗಾಗಿ ಸೇರುವುದು ಹೆಚ್ಚಾಗಿದೆ. ವಿದೇಶದ ಸೈನಿಕ ಬೊಂಬೆಗಳ ಬೆಲೆ ಕೈಗೆಟುಕದಾದಾಗ, ಕೈ ಬದಲಾಗಿ ಬಂದ ಹಳೆಯವನ್ನು ತೊಳೆದು ಬಣ್ಣ ಹಚ್ಚುವುದು ಸಹಜವಾಗಿಯೇ ನಡೆಯುತ್ತದೆ. ಈ ಕೆಲಸದಲ್ಲಿ ಮೊದಲ ಹೆಜ್ಜೆ ಹಳೆಯ ಬಣ್ಣವನ್ನು ಕಳಚುವುದು. ತೊಡಕು ಆರಂಭವಾಗುವುದೂ ಅಲ್ಲಿಯೇ.

ಬಣ್ಣದೊಳಗಿನ ಸೀಸ

ಬಣ್ಣಕ್ಕೆ ಹೊಳಪೂ ಗಟ್ಟಿತನವೂ ಬರಲೆಂದು, ಬೇಗ ಒಣಗಲೆಂದು ಬಹುಕಾಲ ಸೀಸದ ಸಂಯುಕ್ತಗಳನ್ನು ಬೆರೆಸಲಾಗುತ್ತಿತ್ತು. ಕೆಂಪಿಗೆ ಸೀಸದ ಸಿಂಧೂರ, ಹಳದಿಗೆ ಸೀಸದ ಕ್ರೋಮೇಟ್, ಬಿಳಿಗೆ ಸೀಸದ ಬಿಳುಪು. ಮಕ್ಕಳ ಕಣ್ಣನ್ನು ಮೊದಲು ಸೆಳೆಯುವ ಕಡುಗೆಂಪು, ಕಡುಹಳದಿಗಳಲ್ಲೇ ಸೀಸ ಹೆಚ್ಚಾಗಿರುವ ಸಂಭವವಿತ್ತೆಂಬುದು ಗಮನಿಸತಕ್ಕ ಸಂಗತಿ. ಭಾರತದಲ್ಲಿ ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಎಂದರೆ ಒಂದು ಕಿಲೋಗ್ರಾಮಿಗೆ 90 ಮಿಲಿಗ್ರಾಂ, ಮೀರಬಾರದೆಂಬ ನಿಯಮ ಬಂದದ್ದು 2016ರಲ್ಲಿ. ಅದು ಪೂರ್ಣವಾಗಿ ಜಾರಿಯಾದದ್ದು 2017ರ ನವೆಂಬರ್ 1ರಂದು. ಅದಕ್ಕೆ ಮೊದಲು ಮಾರುಕಟ್ಟೆಯಲ್ಲಿದ್ದ ಎಷ್ಟೋ ಎನಾಮಲ್ ಬಣ್ಣಗಳಲ್ಲಿ ಸಾವಿರಾರು ಪಿಪಿಎಂ ಸೀಸ ಕಂಡುಬಂದಿತ್ತು. ಆದ್ದರಿಂದ 2017ಕ್ಕಿಂತ ಹಿಂದಿನ, ಮೂಲ ತಿಳಿಯದ ಎನಾಮಲ್ ಬಣ್ಣದ ಪ್ರತಿಯೊಂದು ಬೊಂಬೆಯನ್ನೂ ಸೀಸವುಳ್ಳದ್ದೆಂದೇ ಭಾವಿಸಿ ನಡೆಯುವುದು ವಿವೇಕ.

ಸೀಸ ದೇಹಕ್ಕೆ ಯಾವ ಪ್ರಮಾಣದಲ್ಲಿಯೂ ಬೇಕಾದ ವಸ್ತುವಲ್ಲ. ಇಷ್ಟರವರೆಗೆ ನಿರಪಾಯ ಎನ್ನಬಹುದಾದ ಮಟ್ಟ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ದೇಹ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ದೇಹ ಅದನ್ನು ಸುಣ್ಣದಂಶವೆಂದೇ ಭ್ರಮಿಸಿ ಮೂಳೆಗಳಲ್ಲಿ ಕೂಡಿಡುತ್ತದೆ. ಅಲ್ಲಿ ಅದು ದಶಕಗಳವರೆಗೆ ಉಳಿಯುತ್ತದೆ. ಬೆಳೆಯುವ ಮಗುವಿನ ಮಿದುಳಿಗೆ ಅದರಿಂದಾಗುವ ಹಾನಿ ಮರಳಿ ಸರಿಹೋಗುವಂಥದಲ್ಲ. ಕಲಿಕೆ ಹಿಂದುಳಿಯುತ್ತದೆ, ಗಮನ ಚದುರುತ್ತದೆ, ರಕ್ತಹೀನತೆ ಬರುತ್ತದೆ. ಜ್ವರದಂತೆ ಇದು ಕಣ್ಣಿಗೆ ಕಾಣುವ ರೋಗವಾಗಿ ಬರುವುದಿಲ್ಲವಾದ್ದರಿಂದ, ಮಗು ದಡ್ಡ ಎಂಬ ಹಣೆಪಟ್ಟಿಯಷ್ಟೇ ಉಳಿಯುತ್ತದೆ.

ಈ ವಿಷಯದಲ್ಲಿ ಬೆಂಗಳೂರಿಗೆ ಒಂದು ವಿಶೇಷ ಸ್ಥಾನವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷದ ಬಗ್ಗೆ ದೇಶಕ್ಕೆ ಎಚ್ಚರ ಮೂಡಿಸಿದವರಲ್ಲಿ ಮುಖ್ಯರು. ಬೆಂಗಳೂರಿನ ಜಾರ್ಜ್ ಪ್ರತಿಷ್ಠಾನ 1999ರಲ್ಲಿ ಪ್ರಕಟಿಸಿದ ಸಮೀಕ್ಷೆಯು, ದೊಡ್ಡ ನಗರಗಳಲ್ಲಿ ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೋಗ್ರಾಮಿಗೂ ಮೇಲಿದೆಯೆಂದು ತೋರಿಸಿತು. 2000ದಲ್ಲಿ ಸೀಸಸಹಿತ ಪೆಟ್ರೋಲ್ ದೇಶದಾದ್ಯಂತ ನಿಂತಿತು. ಗಾಳಿಯ ಸೀಸ ತಗ್ಗಿತು. ಆದರೆ ಗೋಡೆಯ ಮೇಲಿನ, ತೊಟ್ಟಿಲಿನ ಮೇಲಿನ, ಅಟ್ಟದ ಪೆಟ್ಟಿಗೆಯೊಳಗಿನ ಸೀಸ ಯಾವ ಆದೇಶದಿಂದಲೂ ಮಾಯವಾಗಲಿಲ್ಲ.

ಸೀಸದ ಬಣ್ಣ ಬೊಂಬೆಯ ಮೇಲೆ ಸುಮ್ಮನೆ ಕುಳಿತಿರುವಾಗ ಅಪಾಯ ಕಡಿಮೆ. ಮರಳುಕಾಗದ ಹಿಡಿದು ಒಣಗಿದ್ದಂತೆಯೇ ಉಜ್ಜಿದಾಗ ಅದು ಹುಡಿಯಾಗಿ ಗಾಳಿಗೆ ಏರುತ್ತದೆ, ನೆಲಕ್ಕೆ ಇಳಿಯುತ್ತದೆ, ಅಂಬೆಗಾಲಿಡುವ ಮಗುವಿನ ಅಂಗೈಗೆ ಅಂಟುತ್ತದೆ. ಬೊಂಬೆಯನ್ನು ಉಳಿಸಲು ಹೊರಟ ಕೈಯೇ ವಿಷವನ್ನು ಬಿಡಿಸಿಕೊಟ್ಟಂತಾಗುತ್ತದೆ.

ಕೈತೊಟ್ಟಿಯಿಂದ ಕಾವೇರಿಗೆ

ಉಜ್ಜಿದ ಮೇಲೆ ತೊಳೆಯಬೇಕು. ತೊಳೆದ ನೀರು ಕೈತೊಟ್ಟಿಯ ಕಿಂಡಿಯಲ್ಲಿ ಇಳಿಯುತ್ತದೆ. ಈ ಬಡಾವಣೆಗಳ ಚರಂಡಿ ಮತ್ತು ರಾಜಕಾಲುವೆಗಳ ಇಳಿಜಾರು ವೃಷಭಾವತಿಯ ಕಡೆಗೆ. ಒಂದು ಕಾಲಕ್ಕೆ ತಿಳಿನೀರಿನ ಹೊಳೆಯಾಗಿದ್ದ ವೃಷಭಾವತಿ ಮೈಸೂರು ರಸ್ತೆಯ ಪಕ್ಕದಲ್ಲಿ ಸಾಗಿ, ಕೆಂಗೇರಿಯನ್ನು ದಾಟಿ, ಬಿಡದಿಯ ಬಳಿಯ ಭೈರಮಂಗಲದ ಕೆರೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಈಗ ಅದರಲ್ಲಿ ಹರಿಯುವುದು ಬಹುಪಾಲು ನಗರದ ಕೊಳಚೆ ಮತ್ತು ಕೈಗಾರಿಕೆಗಳ ತ್ಯಾಜ್ಯ. ಶುದ್ಧೀಕರಣ ಘಟಕಗಳಿದ್ದರೂ ನದಿಯ ಸ್ಥಿತಿ ಕಣ್ಣಿಗೂ ಮೂಗಿಗೂ ತಿಳಿಯುವಂತಿದೆ. ಆ ನೀರನ್ನೇ ನಂಬಿ ಬೆಳೆ ತೆಗೆಯುವ ರೈತರು ಕೆಳದಂಡೆಯಲ್ಲಿದ್ದಾರೆ. ಅಲ್ಲಿನ ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳಿರುವುದನ್ನು ಸಂಶೋಧಕರು ಮತ್ತೆ ಮತ್ತೆ ಗುರುತಿಸಿದ್ದಾರೆ.

ನದಿಯನ್ನು ಕೆಡಿಸಿದ್ದು ಬೊಂಬೆಗೆ ಬಣ್ಣ ಹಚ್ಚುವವರು ಎಂದು ಹೇಳಿದರೆ ಅದು ಹಾಸ್ಯಾಸ್ಪದವಾದೀತು. ಕಾರ್ಖಾನೆಗಳ ಮತ್ತು ನಗರಾಡಳಿತದ ಹೊಣೆಗಾರಿಕೆಯ ಮುಂದೆ ಈ ಹವ್ಯಾಸಿಗಳ ಪಾಲು ಸಾಸಿವೆ ಕಾಳಿನಷ್ಟು. ಆದರೆ ಕಾರ್ಖಾನೆಯನ್ನು ಪ್ರಶ್ನಿಸುವ ನೈತಿಕ ಬಲ ಬರುವುದು ತನ್ನ ಮನೆಯ ಕಿಂಡಿಯನ್ನು ಕಾಯ್ದವನಿಗೆ. ಗಣೇಶನ ಮೂರ್ತಿಗಳ ವಿಚಾರದಲ್ಲಿ ಈ ಪಾಠ ಆಗಲೇ ನಡೆದಿದೆ. ಮೂರ್ತಿ ವಿಸರ್ಜನೆಯ ಬಗ್ಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿ, 2020ರಲ್ಲಿ ಅದನ್ನು ಬಿಗಿಗೊಳಿಸಿತು. ವಿಷದ ಬಣ್ಣ ಬೇಡ, ಬಣ್ಣವಿಲ್ಲದ ಮಣ್ಣಿನ ಗಣಪನೇ ಸಾಕು ಎಂಬ ಮಾತು ಮನೆಮನೆಗೆ ತಲುಪಿದ್ದು ಶಾಲೆಯ ಮಕ್ಕಳ ಮೂಲಕ ಎಂಬುದನ್ನು ಇಲ್ಲಿರುವ ವಿದ್ಯಾರ್ಥಿಗಳು ನೆನೆಯಬೇಕು.

ಮಲೆನಾಡಿಗೆ ಇದರಿಂದೇನು ಎಂಬ ಪ್ರಶ್ನೆ ಬರಬಹುದು. ಸೀಸ ಮಣ್ಣಿಗೆ ಬಿದ್ದರೆ ಕೊಳೆಯುವುದಿಲ್ಲ. ಜೇಡಿಗೂ ಸಾವಯವ ಅಂಶಕ್ಕೂ ಅಂಟಿಕೊಂಡು ಮೇಲ್ಪದರದಲ್ಲೇ ನಿಲ್ಲುತ್ತದೆ. ಆದರೆ ಮಣ್ಣು ಹುಳಿಯಾದಷ್ಟೂ ಅದರ ಹಿಡಿತ ಸಡಿಲವಾಗುತ್ತದೆ. ಅಧಿಕ ಮಳೆ ಬೀಳುವ ಮಲೆನಾಡಿನ ಮಣ್ಣು ಬಹುಪಾಲು ಹುಳಿ ಮಣ್ಣು. ಬಯಲುಸೀಮೆಯ ಸುಣ್ಣದ ಮಣ್ಣಿನಲ್ಲಿ ಬಂಧಿಯಾಗಿರುವ ಸೀಸ ಇಲ್ಲಿ ಬೇರಿಗೂ ನೀರಿಗೂ ಸುಲಭವಾಗಿ ಸಿಕ್ಕೀತು. ಹಳೆಯ ಬಾಗಿಲು, ತೊಟ್ಟಿಲು, ಬೊಂಬೆಗಳ ಬಣ್ಣ ಕೆರೆದು ಹಿತ್ತಲಿನ ಸೊಪ್ಪಿನ ಮಡಿಗೆ ಸುರಿಯುವ ಅಭ್ಯಾಸ ಇಲ್ಲಿ ಹೆಚ್ಚು ಅಪಾಯಕಾರಿ. ಸೊಪ್ಪು ಮತ್ತು ಗೆಡ್ಡೆಗಳಿಗೆ ಮಣ್ಣು ಅಂಟಿಕೊಂಡೇ ಬರುತ್ತದೆಂಬುದನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಕೆರೆದ ಬಣ್ಣದ ಸಿಬರನ್ನು ಒಲೆಗೆ ಹಾಕುವುದಂತೂ ಇನ್ನೂ ಕೆಟ್ಟದ್ದು. ಹೊಗೆಯೂ ಬೂದಿಯೂ ಎರಡೂ ಸೀಸವನ್ನು ಹೊರುತ್ತವೆ, ಆ ಬೂದಿ ಮತ್ತೆ ತೋಟದ ಗೊಬ್ಬರಕ್ಕೇ ಸೇರುತ್ತದೆ.

ಕಾಯಿಯ ಜಾತಿ ತಿಳಿದು ಕೈ ಹಾಕುವುದು

ಹಳೆಯ ಕಾಯಿಗೆ ಬಣ್ಣ ಹಾಕುವ ಮೊದಲು ಅದು ಯಾವುದರಿಂದ ಆಗಿದೆಯೆಂದು ತಿಳಿಯಬೇಕು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ಮೃತ್ಯುವಾದೀತು.

ಮೊದಲನೆಯದು ಅರಗಿನ ಬಣ್ಣದ ಮರದ ಕಾಯಿ. ಚನ್ನಪಟ್ಟಣದ ಕುಶಲಕರ್ಮಿ ಕಡೆಯುವ ಯಂತ್ರದಲ್ಲಿ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ; ಆಮೇಲೆ ಕೇದಗೆ ಜಾತಿಯ ಒಣಗರಿಯಿಂದ ಉಜ್ಜಿದಾಗ ಹೊಳಪು ಬರುತ್ತದೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಆದ್ದರಿಂದ ಇಂಥ ಕಾಯಿಯನ್ನು ಸ್ಯಾನಿಟೈಜರ್, ಸ್ಪಿರಿಟ್‌ಗಳಿಂದ ಒರೆಸಿದರೆ ಹೊಳಪು ಹೋಗಿ ಬಣ್ಣವೂ ಕದಡುತ್ತದೆ. ನೀರಿನಲ್ಲಿ ನೆನೆಹಾಕಿದರೆ ಬಿಳಿ ಮಬ್ಬು ಏಳುತ್ತದೆ. ಒಣಬಟ್ಟೆಯಲ್ಲಿ ಒರೆಸುವುದೇ ಇದಕ್ಕೆ ಸಾಕು. ಬಣ್ಣ ಪೂರ್ತಿ ಬದಲಾಗಬೇಕಾದರೆ ಕಡೆಯುವವರ ಬಳಿಗೇ ಒಯ್ಯುವುದು ಲೇಸು. ಗುರುತು ಮಾತ್ರ ಬೇಕಾದರೆ ಬುಡಕ್ಕೆ ಬಣ್ಣದ ನೂಲು ಸುತ್ತಿದರೂ ಆಟ ನಡೆಯುತ್ತದೆ.

ಎರಡನೆಯದು ಎನಾಮಲ್ ಬಳಿದ ಮರದ ಅಥವಾ ಮಣ್ಣಿನ ಬೊಂಬೆ. ಇದನ್ನು ಒಣಗಿದ್ದಾಗ ಉಜ್ಜಬಾರದು, ಬೆಂಕಿ ತಾಗಿಸಿ ಬಣ್ಣ ಸುಲಿಯಬಾರದು. ಬಣ್ಣ ಗಟ್ಟಿಯಾಗಿದ್ದರೆ ಕಳಚುವ ಗೋಜಿಗೇ ಹೋಗದೆ, ಒದ್ದೆಬಟ್ಟೆಯಿಂದ ಒರೆಸಿ, ಒಣಗಿಸಿ, ಅದರ ಮೇಲೆಯೇ ಹೊಸ ಬಣ್ಣದ ತೆಳು ಪದರಗಳನ್ನು ಹಚ್ಚಿ ವಾರ್ನಿಷಿನಿಂದ ಮುಚ್ಚುವುದು ಒಳ್ಳೆಯ ದಾರಿ. ಹಸಿಮಣ್ಣಿನ ಬೊಂಬೆಗೆ ಒದ್ದೆಬಟ್ಟೆಯನ್ನು ಹಿಂಡಿ ಹಗುರವಾಗಿ ತಾಗಿಸಿದರೆ ಸಾಕು. ಸಿಬರೇಳುತ್ತಿರುವ ಜಾಗವನ್ನಷ್ಟೇ ನೀರು ಹಚ್ಚಿ ನುಣುಪುಗೊಳಿಸಬೇಕು. ಹೀಗೆ ಮುಚ್ಚಿದ ಬೊಂಬೆ ಹಬ್ಬದ ಮೆಟ್ಟಿಲಿಗೆ ಯೋಗ್ಯ, ಬಾಯಿಗಿಡುವ ಮಗುವಿನ ಕೈಗೆ ಯೋಗ್ಯವಲ್ಲ.

ಮೂರನೆಯದು ಲೋಹದ ಸೈನಿಕ. ಅಂಗೈಯಲ್ಲಿ ಗಾತ್ರಕ್ಕಿಂತ ಭಾರವೆನಿಸುವ ಹಳೆಯ ಬೊಂಬೆ ಸೀಸ, ತವರ, ಅಂಟಿಮನಿಗಳ ಮಿಶ್ರಣವಾಗಿರುವುದು ಬಹುಮಟ್ಟಿಗೆ ನಿಶ್ಚಯ. ಬ್ರಿಟನ್ನಿನಲ್ಲಿ ಇಂಥ ಸೀಸದ ಸೈನಿಕರ ತಯಾರಿಕೆ ನಿಂತದ್ದು 1966ರಲ್ಲಿ. ಇಲ್ಲಿ ಬಣ್ಣ ಮಾತ್ರವಲ್ಲ, ಬೊಂಬೆಯೇ ಸೀಸ. ಮೇಲೆ ಬಿಳಿಯ ಹುಡಿ ಎದ್ದಿದ್ದರೆ ಅದು ಧೂಳಲ್ಲ, ಸೀಸವೇ ಕೆಟ್ಟು ಹುಡಿಯಾದದ್ದು. ಊದಬಾರದು, ಬೆರಳಿನಿಂದ ಒರೆಸಬಾರದು. ಇಂಥವನ್ನು ದೊಡ್ಡವರು ಕೈಗವಸು ಹಾಕಿ ಮುಟ್ಟಿ, ಗಾಜಿನ ಕಪಾಟಿನಲ್ಲಿ ಇಡಬಹುದು. ಮಕ್ಕಳ ಆಟಕ್ಕೆ ಇವನ್ನು ಎಂದಿಗೂ ಬಳಸಬಾರದು.

ನಾಲ್ಕನೆಯದು ಪ್ಲಾಸ್ಟಿಕ್ ಸೈನಿಕ. ಗಟ್ಟಿ ಪ್ಲಾಸ್ಟಿಕ್ಕಿಗೆ ಥಿನ್ನರ್ ಅಥವಾ ಅಸಿಟೋನ್ ತಾಗಿದರೆ ಬಣ್ಣದೊಂದಿಗೆ ಸೈನಿಕನ ಮುಖವೂ ಕರಗಿಹೋಗುತ್ತದೆ. ಸಾಬೂನಿನ ನೀರು, ಮೆತ್ತನೆಯ ಹಲ್ಲುಜ್ಜುವ ಬ್ರಷ್ಷು, ಜಿಡ್ಡು ಹೋದ ಮೇಲೆ ಒಂದು ಪದರ ಪ್ರೈಮರ್, ಅದರ ಮೇಲೆ ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣ. ದಪ್ಪಗೆ ಒಂದು ಸಲ ಬಳಿಯುವುದಕ್ಕಿಂತ ತೆಳುವಾಗಿ ಮೂರು ಸಲ ಬಳಿದರೆ ಕಣ್ಣು ಮೂಗು ಮುಚ್ಚಿಹೋಗದೆ ಉಳಿಯುತ್ತವೆ.

ಎಲ್ಲಕ್ಕೂ ಸಲ್ಲುವ ನಿಯಮಗಳು ಕೆಲವೇ. ಅಡಿಗೆಮನೆಯಲ್ಲಿ ಈ ಕೆಲಸ ಬೇಡ. ಕೆಳಗೆ ಹಳೆಯ ವೃತ್ತಪತ್ರಿಕೆ ಹಾಸಿರಬೇಕು. ತೊಳೆದ ನೀರನ್ನು ಕಿಂಡಿಗೆ ಸುರಿಯದೆ ಹಳೆಯ ಡಬ್ಬದಲ್ಲಿ ಒಂದೆರಡು ದಿನ ನಿಲ್ಲಿಸಿ, ತಳದಲ್ಲಿ ಕೂತ ಗಸಿಯನ್ನು ಒಣಗಿಸಿ, ಹಾಸಿದ ಕಾಗದದೊಡನೆ ಮುಚ್ಚಿ ಕಟ್ಟಿ, ಅಪಾಯಕಾರಿ ಗೃಹತ್ಯಾಜ್ಯವೆಂದು ಬೇರೆಯಾಗಿ ಕೊಡಬೇಕು. ಕೆಲಸ ಮುಗಿದ ಮೇಲೆ ನೆಲವನ್ನು ಗುಡಿಸದೆ ಒದ್ದೆಬಟ್ಟೆಯಿಂದ ಒರೆಸಬೇಕು. ಕೈಯನ್ನು ಸಾಬೂನು ಹಚ್ಚಿ ತೊಳೆಯದೆ ಊಟಕ್ಕೆ ಕೂರಬಾರದು. ಗರ್ಭಿಣಿಯರೂ ಚಿಕ್ಕ ಮಕ್ಕಳೂ ಹಳೆಯ ಬಣ್ಣದ ಹತ್ತಿರ ಸುಳಿಯಬಾರದು.

ಕಾಡು ಕೊಡುವ ಬಣ್ಣ

ಮಲೆನಾಡಿಗೂ ಈ ವಿಷಯಕ್ಕೂ ಇರುವ ಎರಡನೆಯ ಸಂಬಂಧ ಇಲ್ಲಿದೆ. ಅರಗು ಒಂದು ಪುಟ್ಟ ಕೀಟದ ಸ್ರಾವ. ಮುತ್ತುಗ, ಬೋರೆ, ಸಾಗಡೆ ಮರಗಳ ಎಳೆಯ ರೆಂಬೆಗಳ ಮೇಲೆ ಆ ಕೀಟ ಬೆಳೆಯುತ್ತದೆ. ದೇಶದ ಅರಗಿನ ಬಹುಭಾಗ ಜಾರ್ಖಂಡ, ಛತ್ತೀಸಗಡ, ಮಧ್ಯಪ್ರದೇಶಗಳ ಕಾಡಂಚಿನ ಜನ ತೆಗೆದದ್ದು. ಅರಗಿನ ಸಂಶೋಧನೆಗೆಂದೇ ರಾಂಚಿಯ ಬಳಿ 1924ರಲ್ಲಿ ಆರಂಭವಾದ ಸಂಸ್ಥೆ ಇಂದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಅಡಿಯಲ್ಲಿದೆ. ಚನ್ನಪಟ್ಟಣದ ಆಟಿಕೆಯ ಮರ ಆಲೆಮರ. ನಯವಾದ, ದಂತದಂತೆ ಬಿಳುಪಾದ ಈ ಮರ ಎಲೆಯುದುರುವ ಒಣಕಾಡಿನದು. ಅದರ ಎಲೆಯಿಂದ ನೀಲಿ ಬಣ್ಣವನ್ನೂ ತೆಗೆಯಬಹುದೆಂಬುದು ಅನೇಕರಿಗೆ ತಿಳಿಯದ ಸಂಗತಿ. ಆಟಿಕೆಗೆ ಮರವನ್ನೂ ಬಣ್ಣವನ್ನೂ ಒಂದೇ ಗಿಡ ಕೊಡಬಲ್ಲದು.

ಚನ್ನಪಟ್ಟಣದ ಕೆಲವು ಕುಶಲಕರ್ಮಿಗಳು ಅರಗಿಗೆ ಅರಿಸಿನ, ನೀಲಿ, ಕಾಚುಗಳಂಥ ಸಸ್ಯಮೂಲದ ಬಣ್ಣ ಬೆರೆಸುವ ಪದ್ಧತಿಯನ್ನು ಬೆಳೆಸಿದ್ದಾರೆ. ಮಲೆನಾಡಿನ ಹಿತ್ತಲುಗಳಲ್ಲಿ ರಂಗಮಾಲೆಯ ಗಿಡವಿದೆ. ಅದರ ಬೀಜದ ಕೇಸರಿಗೆಂಪನ್ನು ಜಗತ್ತಿನಾದ್ಯಂತ ಬೆಣ್ಣೆಗೂ ಚೀಸ್‌ಗೂ ಬಳಸುತ್ತಾರೆ. ತಿನ್ನಲು ಯೋಗ್ಯವಾದದ್ದು ಆಟಿಕೆಗೂ ಯೋಗ್ಯ. ಆದರೆ ಸಸ್ಯದ ಬಣ್ಣಗಳನ್ನು ಅತಿಯಾಗಿ ಹೊಗಳುವುದೂ ಸರಿಯಲ್ಲ. ಅರಿಸಿನದ ಹಳದಿ ಬಿಸಿಲಿಗೆ ಬೇಗ ಮಾಸುತ್ತದೆ. ರಂಗಮಾಲೆಯೂ ಬಿಸಿಲಿಗೆ ತಡೆಯದು. ನೀಲಿ ಮತ್ತು ಕಾಚಿನ ಕಂದು ಹೆಚ್ಚು ಬಾಳುತ್ತವೆ. ಮಾಸಿದಾಗ ಮತ್ತೆ ಹಚ್ಚಬೇಕು. ಮತ್ತೆ ಹಚ್ಚುವುದೇ ಹವ್ಯಾಸವಾದವರಿಗೆ ಇದು ಕೊರತೆಯಲ್ಲ.

ಕೊಳ್ಳುವವರು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾಯಿತು. ನೋಂದಾಯಿತ ಕರಕುಶಲಿಗಳು ಮಾಡಿದ ಆಟಿಕೆಗಳಿಗೂ, ಚನ್ನಪಟ್ಟಣದಂತೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆಟಿಕೆಗಳಿಗೂ ಅದರಿಂದ ವಿನಾಯಿತಿ ದೊರೆಯಿತು. ಸಣ್ಣ ಕುಶಲಕರ್ಮಿಯನ್ನು ಕಾಪಾಡುವ ಈ ವಿನಾಯಿತಿ ನ್ಯಾಯವಾದದ್ದೇ. ಆದರೆ ಮುದ್ರೆಯಿಲ್ಲದ ಕಡೆ ನಂಬಿಕೆಯೇ ಮುದ್ರೆ. ಯಾವ ಬಣ್ಣ ಬೆರೆಸಿದ್ದೀರಿ ಎಂದು ವಿನಯದಿಂದ ಕೇಳುವ ಗಿರಾಕಿ ಕುಶಲಕರ್ಮಿಗೆ ಶತ್ರುವಲ್ಲ. ಒಳ್ಳೆಯ ಬಣ್ಣ ಹಾಕಿದವನಿಗೆ ಅವನೇ ಆಸರೆ.

ಹೊಸ ಆಟ ಯಾವುದು

ಕೊನೆಗೆ ಉಳಿಯುವ ಪ್ರಶ್ನೆ: ಬಣ್ಣ ಹಚ್ಚಿದ ಮೇಲೆ ಆಡುವುದೇನನ್ನು? ಕಾಯಿ ಕಳೆದುಹೋದ ಒಂದು ಹಳೆಯ ಚದುರಂಗವನ್ನು ತೆಗೆದುಕೊಂಡರೆ ಅದರಲ್ಲಿ ಹದಿನೈದು ಕಾಲಾಳುಗಳು ಹೇಗೂ ಸಿಕ್ಕಾವು. ಮೂರು ಹುಲಿ, ಹದಿನೈದು ಆಡುಗಳ ಆಡು-ಹುಲಿ ಆಟಕ್ಕೆ ಅಷ್ಟು ಸಾಕು. ಮೂರು ಕುದುರೆಗಳಿಗೆ ಹಳದಿ ಬಳಿದು ಕಪ್ಪು ಪಟ್ಟೆ ಎಳೆದರೆ ಹುಲಿಗಳಾದವು. ದೇವಸ್ಥಾನಗಳ ಕಲ್ಲುಹಾಸಿನ ಮೇಲೆ ಇಂದಿಗೂ ಗೆರೆ ಉಳಿಸಿಕೊಂಡಿರುವ ಈ ಆಟದ ವಿಶೇಷವೆಂದರೆ ಎರಡು ಪಕ್ಷಗಳ ಬಲ ಸಮವಲ್ಲ. ಒಂದು ಕಡೆ ಕೆಲವೇ ಬಲಿಷ್ಠರು, ಇನ್ನೊಂದು ಕಡೆ ಅನೇಕ ದುರ್ಬಲರು. ಆಡುಗಳು ಒಂಟಿಯಾಗಿ ಸಿಕ್ಕರೆ ಹುಲಿಯ ಬಾಯಿಗೆ. ಬೆನ್ನಿಗೆ ಬೆನ್ನು ಕೊಟ್ಟು ನಿಂತರೆ ಹುಲಿಯೇ ಕಟ್ಟಿಬೀಳುತ್ತದೆ. ಹಳ್ಳಿಯೊಂದು ಒಗ್ಗೂಡುವುದೆಂದರೇನು ಎಂಬುದನ್ನು ಮಕ್ಕಳಿಗೆ ಇಷ್ಟು ಸರಳವಾಗಿ ಹೇಳುವ ಪಾಠ ಬೇರೆ ಸಿಗುವುದು ಕಷ್ಟ.

ಶಾಲೆಗಳಲ್ಲಿ ಇದನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ಹಳೆಯ ದಂಡಿನ ಆನೆಗಳು ಕಾಡಾನೆಗಳಾಗಲಿ, ಪ್ಲಾಸ್ಟಿಕ್ ಸೈನಿಕರು ತೋಟ ಕಾಯುವ ರೈತರಾಗಲಿ. ಮಣೆಯ ಮೇಲೆ ಕಾಡು, ಗದ್ದೆ, ಹಳ್ಳ, ರಸ್ತೆಗಳನ್ನು ಬಿಡಿಸಿ, ಆನೆಯ ದಾರಿ ಮುಚ್ಚಿದರೆ ಅದು ಎಲ್ಲಿ ನುಗ್ಗುತ್ತದೆಂದು ಮಕ್ಕಳೇ ಆಡಿ ನೋಡಲಿ. ಒಂದೇ ಹಳ್ಳದ ನೀರನ್ನು ಮೇಲಿನ ಗದ್ದೆಯವನೂ ಕೆಳಗಿನ ಗದ್ದೆಯವನೂ ಹಂಚಿಕೊಳ್ಳುವ ಆಟಕ್ಕೆ ನಾಲ್ಕು ಬಣ್ಣದ ಪಗಡೆ ಕಾಯಿಗಳಿದ್ದರೆ ಸಾಕು. ನಿಯಮಗಳನ್ನು ಮಕ್ಕಳು ಬರೆಯುವರು. ಸರಿ ಹೋಗದಿದ್ದರೆ ತಿದ್ದುವರು. ಕೊಲ್ಲುವುದೊಂದೇ ಗೆಲುವಲ್ಲದ ಆಟವನ್ನು ಕಟ್ಟುವುದು ಎಷ್ಟು ಕಠಿಣ ಎಂಬುದು ಆಗ ಅವರಿಗೇ ತಿಳಿಯುತ್ತದೆ.

ಉಳಿಸುವುದೆಂದರೆ ಎಲ್ಲವನ್ನೂ ಹಾಗೆಯೇ ಇಟ್ಟುಕೊಳ್ಳುವುದೆಂದು ಅರ್ಥವಲ್ಲ. ಕೆಲವು ಕಾಯಿಗಳು ಮಗುವಿನ ಕೈಗೆ, ಕೆಲವು ಹಬ್ಬದ ಮೆಟ್ಟಿಲಿಗೆ, ಕೆಲವು ಗಾಜಿನ ಕಪಾಟಿಗೆ ಸೇರತಕ್ಕವು. ಯಾವುದು ಎಲ್ಲಿಗೆ ಎಂದು ವಿಂಗಡಿಸುವ ತಿಳಿವಳಿಕೆಯೇ ಈ ಕೆಲಸದ ಮುಖ್ಯ ಭಾಗ. ಕುಂಚ ಹಿಡಿಯುವುದು ಆಮೇಲಿನ ಮಾತು. ಈ ವರ್ಷ ದಸರೆಯ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸುವಾಗ ಮಕ್ಕಳೂ ಹಿರಿಯರೂ ಜೊತೆಯಾಗಿ ಕುಳಿತು ಆ ವಿಂಗಡಣೆಯನ್ನು ಮಾಡಲಿ. ಕೈತೊಟ್ಟಿಯ ಪಕ್ಕದಲ್ಲಿ ಗಸಿ ಹಿಡಿಯಲು ಒಂದು ಹಳೆಯ ಡಬ್ಬವೂ ಇರಲಿ.